ಸುಮ್ಮನಿರುವ ಕಂಪ್ಯೂಟರಿನಲ್ಲಿ ಓಡುತ್ತಿರುವ ಅಪ್‌ಡೇಟ್ ಪ್ರಕ್ರಿಯೆಗಳು ವೈರಸ್ಸೇ?

ಯಾವ ತಂತ್ರಾಂಶವನ್ನೂ ತೆರೆಯದಿದ್ದರೂ ಫ್ಯಾನ್ ಜೋರಾಗಿ ತಿರುಗುವುದು, ಓಡುತ್ತಿರುವ ಪ್ರಕ್ರಿಯೆಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಅಪರಿಚಿತ ಹೆಸರುಗಳು ಕಾಣುವುದು ವೈರಸ್ಸಿನ ಲಕ್ಷಣವೇ ಎಂದು ಕೇಳಿದ್ದೀರಿ. ವಿಂಡೋಸ್ ಇರುವ ಮನೆಯ ಕಂಪ್ಯೂಟರಿನಲ್ಲಿ ಇದಕ್ಕೆ ಕಾರಣ ಬಹುಮಟ್ಟಿಗೆ ವಿಂಡೋಸ್ ಅಪ್‌ಡೇಟ್.

ಮೈಕ್ರೋಸಾಫ್ಟ್ ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುತ್ತದೆ. ಭಾರತದಲ್ಲಿ ಅಷ್ಟು ಹೊತ್ತಿಗೆ ರಾತ್ರಿಯಾಗಿರುವುದರಿಂದ, ಬುಧವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದವರಿಗೇ ಈ ಕಾಟ ಹೆಚ್ಚು. ಆಗ ಕಾಣುವ 'ಟಿಐವರ್ಕರ್' ಎಂಬುದು ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರಿನ ಕೆಲಸಗಾರ: ಹೊಸ ಕಡತಗಳನ್ನು ಅವುಗಳ ಜಾಗದಲ್ಲಿ ಕೂರಿಸುವುದು, ಹಳೆಯ ಆವೃತ್ತಿಗಳನ್ನು ತೆರವುಗೊಳಿಸುವುದು ಅದರ ಕೆಲಸವಾದ್ದರಿಂದ, ಡೌನ್‌ಲೋಡ್ ಮುಗಿದ ಮೇಲೂ ಅದು ಪ್ರೊಸೆಸರನ್ನು ಬಹಳ ಹೊತ್ತು ದುಡಿಸಬಹುದು. ಅದನ್ನು ನಡುವೆಯೇ 'ಎಂಡ್ ಟಾಸ್ಕ್' ಒತ್ತಿ ನಿಲ್ಲಿಸಬೇಡಿ. ಅರ್ಧಕ್ಕೆ ನಿಂತ ಅಪ್‌ಡೇಟ್ ತರುವ ತಲೆನೋವು ಫ್ಯಾನಿನ ಸದ್ದಿಗಿಂತ ದೊಡ್ಡದು.

ವಿಂಡೋಸ್ ಅಪ್‌ಡೇಟಿಗೇ ಸೇರಿದ 'ಡೆಲಿವರಿ ಆಪ್ಟಿಮೈಸೇಷನ್' ಮಾತ್ರ ಬೇರೆ ಬಗೆಯದು. ಸೆಟ್ಟಿಂಗ್ ಇರುವುದಕ್ಕೆ ತಕ್ಕಂತೆ ಅದು ನಿಮ್ಮಲ್ಲಿರುವ ಅಪ್‌ಡೇಟನ್ನು ಇತರ ಕಂಪ್ಯೂಟರುಗಳಿಗೂ ಕಳುಹಿಸುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಈ ಹಂಚಿಕೆಯನ್ನು ಆಫ್ ಮಾಡಿ, ಹಾಟ್‌ಸ್ಪಾಟ್ ಸಂಪರ್ಕವನ್ನು 'ಮೀಟರ್ಡ್' (ಡೇಟಾ ಮಿತಿಯುಳ್ಳದ್ದು) ಎಂದು ಗುರುತಿಸುವುದು ಒಳಿತು.

ಅನುಮಾನ ಉಳಿದರೆ, ಪ್ರಕ್ರಿಯೆಯ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಷನ್' ಆರಿಸಿ. ಅಸಲಿ ಟಿಐವರ್ಕರ್ ಸಿಗುವುದು ವಿಂಡೋಸ್ ಫೋಲ್ಡರಿನ ಒಳಗಿನ 'ವಿನ್‌ಎಸ್‌ಎಕ್ಸ್‌ಎಸ್'ನಲ್ಲಿ. ಅದೇ ಹೆಸರಿನ ಕಡತ ಡೌನ್‌ಲೋಡ್ಸ್ ಅಥವಾ ಟೆಂಪ್ ಫೋಲ್ಡರಿನಲ್ಲಿ ಕುಳಿತಿದ್ದರೆ ಕೂಡಲೇ ವಿಂಡೋಸಿನದೇ ವೈರಸ್ ನಿರೋಧಕವಾದ ಡಿಫೆಂಡರಿನಿಂದ ಪೂರ್ಣ ಸ್ಕ್ಯಾನ್ ಮಾಡಿಸಿ.