ಹೋಗೋ ಮನಿಗೆ ಯಾಕ ಆಕಾಶಬುಟ್ಟಿ ಅನ್ನಬ್ಯಾಡ್ರಿ

ಪತ್ರ: ಅಕ್ಕಾರ, ನಾವು ಬಾಗಲಕೋಟಿ ನವನಗರದಾಗ ಇರ್ತೀವ್ರಿ. ಮಗನ ನೌಕರಿ ಪುಣೇದಾಗ, ನಾವೂ ಅಲ್ಲೇ ಹೋಗೂದಂತ ಮನಿ ಮಾರಾಕ ಇಟ್ಟು ಮೂರ ತಿಂಗಳಾತು. ಈಗ ದೀಪಾವಳಿ ಬಂತು. ಹಬ್ಬದಾಗೇ ಮನಿ ನೋಡಾಕ ಪಾರ್ಟಿ ಬರ್ತಾವ, ಮನಿ ಖಾಲಿ ಖಾಲಿ ಕಾಣಬೇಕು, ಪಡಸಾಲ್ಯಾಗಿನ ಮಾವನ ಫೋಟೋ ತಗೀರಿ, ಬಾಗಲದಾಗ ಸೆಗಣಿ ಪಾಂಡವರು ಗೀಂಡವರು ಬ್ಯಾಡ ಅಂತ ಏಜೆಂಟ್ ಹೇಳ್ತಾನ. ನಮ್ಮ ಮನಿಯವ್ರೂ ಹೌದಂತಾರ. ಅತ್ತಿಯವ್ರಿಗೆ ಎಪ್ಪತ್ತಾರು ವರ್ಷ, ಹಳೇ ಊರಾಗಿನ ಮನಿ ಹಿನ್ನೀರಿಗೆ ಹೋದ ಮ್ಯಾಲ ಇಲ್ಲಿಗೆ ಬಂದವ್ರು. "ಈ ಮನ್ಯಾಗ ಇದು ಕಡೀ ಹಬ್ಬ, ಎಲ್ಲಾ ಆಗಬೇಕು" ಅಂದಾರ, ಎರಡ ದಿನದಿಂದ ಸರಿಯಾಗಿ ಊಟಾನೂ ಮಾಡವಲ್ರು. ಇದರ ಮ್ಯಾಲ ಬಾಜೂ ಮನಿಯಾಕಿ, ಮಾರೂ ಮನ್ಯಾಗ ಲಕ್ಷ್ಮೀನ್ನ ಕೂಡ್ಸಿದ್ರ ಆಕಿ ಬಿಟ್ಟ ಹೋಗೂದಿಲ್ಲ, ಮನಿ ಮಾರಾಟಾನ ಆಗೂದಿಲ್ಲ ಅಂದ್ಲು. ನಡುವ ನಾನು. ಏನ ಮಾಡ್ಲಿ?

ತಂಗೀ, ಮೊದಲ ಹೋಗಿ ಅತ್ತಿ ಮುಂದ ಕುಂದರು, "ಹಬ್ಬ ಮಾಡೂಣು" ಅಂತ ಹೇಳು, ಆಮ್ಯಾಲ ಬಂದು ಉಳಿದದ್ದು ಓದು. ಎರಡ ದಿನ ಉಪಾಸ ಆತು ಆ ಜೀವ.

ನಾನೂ ಅದೇ ಹಳೇ ಊರಾಕಿ, ಅದಕ್ಕ ನಿನ್ನ ಪತ್ರ ಓದಿದಾಗ ಸ್ವಲ್ಪ ಹೊತ್ತು ಸುಮ್ನ ಕುಂತೆ. ಆಲಮಟ್ಟಿ ಡ್ಯಾಮಿಗೆ ಶಾಸ್ತ್ರೀಜಿ ಅಡಿಗಲ್ಲ ಹಾಕಿದ್ದು 1964ರಾಗ, ಹಿನ್ನೀರು ನಮ್ಮ ಓಣಿತನಾ ಬರೂದ್ರಾಗ ಒಂದ ತಲಿಮಾರ ಕಳೀತು, ಆ ಎಲ್ಲಾ ವರ್ಷ "ಮುಳುಗೋ ಊರು, ಯಾಕ ರೊಕ್ಕ ಹಾಕೂದು" ಅಂತ ನಮ್ಮ ಮನ್ಯಾಗ ಒಂದ ಕಿಡಕಿ ಸೈತ ರಿಪೇರಿ ಆಗ್ಲಿಲ್ಲ. ಕಡೀ ವರ್ಷದ ದೀಪಾವಳಿಗೆ ಅವ್ವ ಸುಣ್ಣದ ಹರಳು ನೆನೆ ಹಾಕಿದ್ಲು, ಅಪ್ಪ ನೋಡಿ "ಹೋಗೋ ಮನಿಗೆ ಯಾಕ ಸುಣ್ಣ" ಅಂದಾ, ಅವ್ವ ಬುಟ್ಟಿ ಎತ್ತಿ ಹಿತ್ತಲದಾಗ ಇಟ್ಲು. ಹಬ್ಬಾದ ಮ್ಯಾಲ ಮುಂದಿನ ಬಾಗಲದ ಚೌಕಟ್ಟ ಕಿತ್ತು ಟ್ರ್ಯಾಕ್ಟರಿನ್ಯಾಗ ಹಾಕಿದ್ರು, ಅವ್ವ ಅದಕ್ಕ ಎರಡ ಕೌದಿ ಸುತ್ತಿದ್ಲು, ಯಾಕಂದ್ರ ಕೆಳಗಿನ ಹೊಸ್ತಿಲದ ಕಟಗಿ ಮ್ಯಾಲ ವರ್ಷಾನುಗಟ್ಲೆ ಹಚ್ಚಿದ ಅರಿಷಿಣ ಕುಂಕುಮ ಗಟ್ಟಿಯಾಗಿ ಕುಂತಿತ್ತು, ಉಗುರಿಲೆ ಕೆರದ್ರೂ ಬರ್ತಿದ್ದಿಲ್ಲ. ಮನಿ ಹೋಗಿದ್ದಕ್ಕ ಅವ್ವ ಅಷ್ಟ ಅಳಲಿಲ್ಲ. "ಸುಣ್ಣಾ ಹಚ್ಚಲಾರ್ದ ಬಿಟ್ಟ ಬಂದ್ವಿ" ಅಂತ ಮಾತ್ರ ಸಾಯೂತನಾ ಅಂತಿದ್ಲು.

ನಿನ್ನ ಅತ್ತಿ ಕೇಳಾಕತ್ತಿದ್ದು ಶೃಂಗಾರ ಅಲ್ಲ. ಹಿಂದಿನ ಮನಿಗೆ ಹೇಳದ ಬಂದದ್ದನ್ನ ಈ ಮನಿಗಾದ್ರೂ ಸರಿಯಾಗಿ ಹೇಳಿ ಹೋಗಬೇಕಂತ ಕೇಳಾಕತ್ತಾರ. ಇದನ್ನ ನಿನ್ನ ಗಂಡಗ ಇದೇ ಮಾತಿನ್ಯಾಗ ಹೇಳು, ಅವರೂ ಆ ಮನ್ಯಾಗ ಹುಟ್ಟಿದವ್ರು, ಅವರಿಗೆ ತಿಳೀತೈತಿ.

ಆದ್ರ ಗಂಡನ್ನ ಮಾತೂ ಪೂರಾ ತಪ್ಪಲ್ಲ. ಯುಗಾದಿ, ಅಕ್ಷಯ ತದಗಿ, ದಸರಾ, ಇವು ಮೂರು ಪೂರ್ತಿ ಮುಹೂರ್ತ, ಬಲಿಪಾಡ್ಯ ಅರ್ಧ, ಹಿಂಗ ಮೂರೂವರಿ ಮುಹೂರ್ತ ಅಂತ ನಮ್ಮ ಕಡೆ ಹಿಡೀತಾರಲ್ಲ, ಅದಕ್ಕ ಪಾಡ್ಯದ ದಿನ ಅಡ್ವಾನ್ಸ್ ಕೊಡೂಣು ಅಂತ ಮಂದಿ ಮನಿ ನೋಡಾಕ ಹೊಂಡ್ತಾರ, ಮುಂದ ತುಳಸಿ ಲಗ್ನ ಆತಂದ್ರ ಮದುವಿ ಸೀಸನ್, ರೊಕ್ಕ ಆ ಕಡೆ ಹೋಕ್ಕೈತಿ. ಹಂಗಾಗಿ ಬರೂ ಪಾರ್ಟಿಗೆ ಬ್ಯಾಡ ಅನ್ನಬ್ಯಾಡ, ಹೊತ್ತು ಗೊತ್ತು ಮಾಡು: ಸಂಜಿ ನಾಕರಿಂದ ಐದೂವರಿ, ಮನಿಗೆ ಚೊಲೋ ಬೆಳಕ ಇರ್ತೈತಿ. ನರಕ ಚತುರ್ದಶಿ ಮುಂಜಾನಿ ಯಾರೂ ಬ್ಯಾಡ, ಎಣ್ಣಿ ಸ್ನಾನ, ಆರತಿ ಎಲ್ಲಾ ನಡೆದಿರ್ತೈತಿ. ಅಮವಾಸಿ ಸಂಜಿಗಂತೂ ಏಜೆಂಟ್ ಎಷ್ಟ ಗೋಗರೆದ್ರೂ ಬಾಗಲಾ ತಗೀಬ್ಯಾಡ, ಯಾಕಂದ್ರ ಲಕ್ಷ್ಮೀ ಮುಂದ ಬಂಗಾರ, ರೊಕ್ಕ ಇಟ್ಟಿರ್ತೀರಿ, ಗುರ್ತಿಲ್ಲದವ್ರು ಕೋಣಿ ಕೋಣಿ ತಿರಗ್ಯಾಡೂ ಹೊತ್ತಲ್ಲ ಅದು.

ಬಾಜೂ ಮನಿಯಾಕಿ ಮಾತು ಬಿಟ್ಟ ಬಿಡು. ಬಜಾರದಾಗ ಪ್ರತಿ ಅಂಗಡಿಯವ ಅಮವಾಸಿ ದಿನ ಲಕ್ಷ್ಮೀ ಕೂಡಸ್ತಾನ, ಮಾಲು ಮಾರಾಟ ಆಗಲಿ ಅಂತನ ಕೂಡಸ್ತಾನ.

ಇನ್ನ ಮನಿ ಶೃಂಗಾರ. ಹೊಸ್ತಿಲದ ಹೊರಗ ಎಲ್ಲಾ ಮಾಡು, ಒಳಗ ಕಡಿಮಿ ಮಾಡು. ಆಕಾಶಬುಟ್ಟಿ, ಚೆಂಡು ಹೂವಿನ ಮಾಲಿ, ಮಾವಿನ ತಳಲ, ಬಾಗಲದ ಎರಡೂ ಬಾಜೂ ಬಾಳಿಕಂಬ, ರಂಗೋಲಿ, ಇವನ್ನ ನೋಡಿ ಯಾವ ಪಾರ್ಟಿನೂ ಹೊಳ್ಳಿ ಹೋಗೂದಿಲ್ಲ, ಬರಾವ್ರ ಮನ್ಯಾಗೂ ಇದೇ ಹಬ್ಬ, ಹೆಂಗಸ್ರಂತೂ ಒಳಗ ಬಂದ ಕೂಡ್ಲೆ ದೇವರ ಜಗಲಿ ಎಲ್ಲೈತಿ ಅಂತನ ಹುಡಕ್ತಾರ. ಆದ್ರ ಹೊಸಾ ಮೊಳಿ ಒಂದೂ ಹೊಡೀಬ್ಯಾಡ, ಇದ್ದ ಕೊಂಡಿಗೇ ಕಟ್ಟು. ಪಣತಿ ಕೆಳಗ ಒಂದೊಂದು ಸಣ್ಣ ಪ್ಲೇಟ್ ಇಡು, ಫರಸಿ ಎಣ್ಣಿ ಕುಡೀತಂದ್ರ ಆ ಕಲಿ ಹೋಗೂದಿಲ್ಲ. ಬಣ್ಣದ ರಂಗೋಲಿನೂ ಹಂಗ, ಒದ್ದಿ ನೆಲದ ಮ್ಯಾಲ ಹಾಕಿದ್ರ ಕೆಂಪು ಕುಂತ ಬಿಡ್ತೈತಿ. ಒಳಗ ಪಡಸಾಲ್ಯಾಗ ಟೇಬಲ್ಲಿಗೆ ಒಂದು ಗುಳೇದಗುಡ್ಡದ ಖಣ ಹಾಸಿ ಮ್ಯಾಲ ದೀಪದ ಸಮೆ ಇಡು, ಸಾಕು. ಕಿಡಕಿಗೆ ಲೈಟಿನ ಸರ ಜೋತ ಬಿಟ್ಟು ಗಾಳಿ ಬೆಳಕ ಮುಚ್ಚಬ್ಯಾಡ. ಒಂದ ಮಾತು ಖಡಾಖಂಡಿತ ಹೇಳ್ತೀನಿ, ಗ್ವಾಡಿ ಎಲ್ಲೇರ ಥಂಡಿ ಹಿಡಿದಿತ್ತಂದ್ರ ಅದರ ಮ್ಯಾಲ ಪರದೆ, ಮಾಲಿ ಹಾಕಿ ಮುಚ್ಚಬ್ಯಾಡ, ತಗೊಳ್ಳಾವ ಎತ್ತಿ ನೋಡೇ ನೋಡ್ತಾನ, ನೋಡಿದ ಮ್ಯಾಲ ನೀ ಹೇಳಿದ ಒಂದ ಮಾತೂ ನಂಬೂದಿಲ್ಲ.

ಏಜೆಂಟ್ ಮೊಬೈಲ್ನ್ಯಾಗ ಹಾಕೂ ಫೋಟೋ ಮಾತ್ರ ಹಬ್ಬಕ್ಕ ಮೊದಲೇ, ಖಾಲಿ ಇದ್ದಾಗ ತಗಸು. ಫೋಟೋದಾಗ ಆಕಾಶಬುಟ್ಟಿ ಬಂತು, ಮಾರಾಟ ಶಿವರಾತ್ರಿತನಾ ಜಗ್ತು ಅನ್ನು, ನೋಡಿದಾವ "ದೀಪಾವಳಿಯಿಂದ ಹೋಗಿಲ್ಲ ಈ ಮನಿ" ಅಂತ ಲೆಕ್ಕಾ ಹಾಕಿ ರೇಟ್ ಇಳಸ್ತಾನ. ಹೂ ಬಾಡಿದ ಕೂಡ್ಲೆ ಎಲ್ಲಾ ಬಿಚ್ಚು.

ಮಾವನ ಫೋಟೋ ಬಗ್ಗೆ ಭಾಳ ವಿಚಾರ ಮಾಡಿದೆ. ಮಾಲಿ ಹಾಕಿದ ಫೋಟೋ ಎದುರಿಗೇ ಕಂಡ್ರ ಕೆಲವರು ಒಳಗ ಬರಾಕ ಹಿಂದ ಮುಂದ ನೋಡ್ತಾರ, ಏಜೆಂಟ್ ಸುಳ್ಳ ಹೇಳಿಲ್ಲ. ಆದ್ರ ಅದನ್ನ ನಿನ್ನ ಗಂಡ ತಗೀಬಾರ್ದು, ನೀನೂ ತಗೀಬಾರ್ದು. ಅತ್ತಿಗೆ ಕೇಳು: "ಅತ್ತೀ, ಹೊರಗಿನವ್ರು ಬಂದು ಹೋಗೂ ಮಟಾ ಮಾವನ್ನ ನಿಮ್ಮ ಕೋಣ್ಯಾಗ ಇಟ್ಕೋತೀರೇನು?" ಅವರು ಹ್ಞೂ ಅಂದ್ರ ಅವರ ಕೈಯಾಗೇ ಕೊಡು, ಎಲ್ಲಿ ಇಡಬೇಕಂತ ಅವರೇ ಹೇಳಲಿ. ಬ್ಯಾಡ ಅಂದ್ರ ಇದ್ದಲ್ಲೇ ಇರ್ಲಿ, ಮನಿ ಮಾವ ಕಟ್ಟಿಸಿದ್ದು. ಹಕ್ಕುಪತ್ರ, ಉತಾರ, ಕರ ಕಟ್ಟಿದ ಪಾವತಿ ಒಂದ ಫೈಲಿನ್ಯಾಗ ಸರಿಯಾಗಿ ಇದ್ವಂದ್ರ, ಒಂದ ಫೋಟೋಕ್ಕ ಯಾವ ಖರೇ ಪಾರ್ಟಿನೂ ಬಿಟ್ಟ ಹೋಗೂದಿಲ್ಲ.

ಪಾಂಡವರನ್ನ ಮಾತ್ರ ಬಿಡಬ್ಯಾಡ. ಪಾಡ್ಯದ ದಿನ ನಸಿಕಿನ್ಯಾಗ ಹಸೀ ಸೆಗಣಿ ತರಿಸು, ಅತ್ತಿಗೆ ಕೆಳಗ ಕುಂದ್ರಾಕ ಆಗ್ಲಿಲ್ಲಂದ್ರ ಸಣ್ಣ ಮಣಿ ಹಾಕಿ ಕೊಡು, ಮಗಾ ಪುಣೇದಿಂದ ಬಂದ್ರ ಅವನ್ನ ಬಾಜೂಕ ಕೂಡಸು, ಉತ್ತರಾಣಿ ಕಡ್ಡಿ, ಚೆಂಡು ಹೂ ಅವನ ಕೈಲೆ ಚುಚ್ಚಸು. ಬಾಗಲದ ಎರಡೂ ಕಡೆ ಬಾಳಿ ಎಲಿ ತುಣುಕಿನ ಮ್ಯಾಲ ಇಡ್ರಿ, ಎತ್ತುಮುಂದ ನೆಲಾ ಸ್ವಚ್ಛ ಇರ್ತೈತಿ. ಆ ಹೊತ್ನ್ಯಾಗ ಯಾರೇ ಮನಿ ನೋಡಾಕ ಬಂದ್ರ ದಾಟಿ ಒಳಗ ಕರಕೊಂಡ ಹೋಗು, ಕೈಯಾಗ ಒಂದ ಕರಚಿಕಾಯಿ ಕೊಡು. ಸುಣ್ಣಾನೂ ಮರೀಬ್ಯಾಡ, ಮನಿತುಂಬ ಹಚ್ಚೂದು ಆಗ್ಲಿಲ್ಲಂದ್ರ ಮುಂದಿನ ಕಂಪೌಂಡಿಗಾದ್ರೂ ಒಂದ ಕೈ ಹೊಡಸು, ಮೊದಲನೇ ಬ್ರಶ್ ಅತ್ತಿ ಕೈಲೆ ಆಗಲಿ.