ಕೊಳಲು–ತಬಲಾ ರೆಕಾರ್ಡಿಂಗ್‌ನಲ್ಲಿ 20 ನಿಮಿಷವಾದರೂ ತಬಲಾನೇ ಇಲ್ಲ. ಫೈಲ್ ಕೆಟ್ಟಿದೆಯಾ? ಕರ್ನಾಟಕ ಸಂಗೀತ ಮಾತ್ರ ಗೊತ್ತಿರುವವರು ಇದನ್ನು ಹೇಗೆ ಕೇಳಬೇಕು?

ಫೈಲ್ ಸರಿಯಾಗೇ ಇದೆ. ನಾನೂ ನಿಮ್ಮ ಹಾಗೇ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿ ಕೇಳಿಕೊಂಡು ಬೆಳೆದವನು. ಹಿಂದೂಸ್ತಾನಿ ಕೊಳಲನ್ನು ಮೊದಲು ಕೇಳಿದ್ದು ಮೆಟ್ರೋದಲ್ಲಿ. ಬನಶಂಕರಿಯಲ್ಲಿ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದೆ, ತಬಲಾ ಮಾತ್ರ ಬಂದಿರಲಿಲ್ಲ.

ಆ ಭಾಗ ಆಲಾಪ್. ನಮ್ಮ ರಾಗಾಲಾಪನೆ ಥರಾನೇ, ಆದರೆ ಅವಸರವೇ ಇಲ್ಲ. ಆಮೇಲೆ ವೇಗ ಹೆಚ್ಚುತ್ತಾ ಹೋಗುವ ಜೋಡ್, ಝಾಲಾ ಭಾಗಗಳು. ಅಲ್ಲಿ ಲಯ ಇರುತ್ತದೆ, ತಾಳ ಇರುವುದಿಲ್ಲ. ತಬಲಾ ಬರೋದು ಗತ್, ಅಂದರೆ ತಾಳಕ್ಕೆ ಕೂರಿಸಿದ ರಚನೆ, ಶುರುವಾದಾಗ. ಇನ್ನು ಆ ತಗ್ಗಿನ ಸ್ವರ ನಮ್ಮ ಪುಟ್ಟ ಕೊಳಲಿನದ್ದಲ್ಲ ಅಂತ ನಿಮಗೇ ಅನಿಸಿರಬೇಕು. ಪನ್ನಾಲಾಲ್ ಘೋಷ್ (1911–1960) ಕಚೇರಿಗೆ ತಂದ ಉದ್ದದ ಬಾನ್ಸುರಿ ಅದು.

ಈಗ ಮುಖ್ಯ ವಿಷಯ. ದಯವಿಟ್ಟು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ನಾನೊಮ್ಮೆ ಅಡುಗೆಮನೆ ಕಟ್ಟೆ ಮೇಲೆ ಫೋನಿಟ್ಟು ಹಾಕಿದ್ದೆ. ಸೊಪ್ಪು ಬಿಡಿಸುತ್ತಿದ್ದ ಅಮ್ಮ, "ಇದೇನೋ, ತಗಡಿನ ಡಬ್ಬ ಬಡಿದ ಹಾಗಿದೆ" ಅಂದಳು. ಸರಿಯಾಗೇ ಅಂದಳು. ತಬಲಾ ಜೋಡಿಯಲ್ಲಿ ಎಡಗೈಯಲ್ಲಿ ನುಡಿಸುವ ಡಗ್ಗಾದ ಗುಂ ಅನ್ನೋ ನಾದ ಅಷ್ಟು ಚಿಕ್ಕ ಸ್ಪೀಕರಿನಲ್ಲಿ ಹೊರಗೇ ಬರಲ್ಲ. ತಾಳ ಹಿಡಿಯೋಕೆ ಬೇಕಾಗಿರೋದೇ ಅದು! ಇಯರ್‌ಫೋನ್ ಹಾಕಿ ತೀನ್‌ತಾಲ್ ಅನ್ನೋ ತಾಳ ಕೇಳಿ, 16 ಮಾತ್ರೆ (ಎಣಿಕೆ):

ಧಾ ಧಿಂ ಧಿಂ ಧಾ, ಧಾ ಧಿಂ ಧಿಂ ಧಾ, ಧಾ ತಿಂ ತಿಂ ತಾ, ತಾ ಧಿಂ ಧಿಂ ಧಾ.

10ನೇ ಮಾತ್ರೆಯಿಂದ 13ರವರೆಗೆ ಡಗ್ಗಾ ಸುಮ್ಮನಾಗುತ್ತದೆ. ಧಿಂ ಹೋಗಿ ತಿಂ ಆಗುತ್ತದೆ ನೋಡಿ, ಅದೇ ಖಾಲಿಯ, ಅಂದರೆ ಚಪ್ಪಾಳೆಯಿಲ್ಲದೆ ಕೈ ಬೀಸುವ ಭಾಗದ, ಗುರುತು. 14ಕ್ಕೆ ಗುಂ ವಾಪಸ್ ಬಂತು ಅಂದರೆ ಇನ್ನೇನು ಸಮ್ (ತಾಳದ ಮೊದಲ ಮಾತ್ರೆ) ಬಂದೇಬಿಟ್ಟಿತು. ಕೊಳಲಿನವರು ಎಲ್ಲೆಲ್ಲೋ ಸುತ್ತಾಡಿ ಅಲ್ಲೇ ಬಂದು ಇಳಿಯುತ್ತಾರೆ. ನಮ್ಮ ಕಚೇರಿಯಲ್ಲಿ ಸಭಿಕರೇ ಕೈಯಲ್ಲಿ ತಾಳ ಹಾಕುತ್ತಾರಲ್ವಾ? ಇಲ್ಲಿ ಆ ಕೆಲಸವನ್ನೆಲ್ಲ ಠೇಕಾನೇ, ಅಂದರೆ ತಬಲಾದ ಈ ನಿಗದಿತ ಬೋಲ್‌ಗಳ ಸಾಲೇ, ಮಾಡಿಬಿಡುತ್ತದೆ.

ಅಮ್ಮ ಮಾತ್ರ ಬಿಡಲಿಲ್ಲ. ಸೊಪ್ಪು ಬದಿಗಿಟ್ಟು ತೊಡೆ ಮೇಲೆ 8 ಎಣಿಕೆಯ ಆದಿತಾಳ ಹಾಕಿದಳು. ಎರಡು ಆವರ್ತಕ್ಕೊಮ್ಮೆ ಸಮ್‌ಗೆ ಸರಿಯಾಗಿ ಬಂದು ಕೂತಳು! 8ರ ಎರಡರಷ್ಟು 16 ತಾನೇ. ನೀವೂ ಹಾಗೇ ಶುರುಮಾಡಬಹುದು.

ಆದರೆ ರೂಪಕ್ ತಾಳ ಇದ್ದರೆ ಈ ಉಪಾಯ ಕೈಕೊಡುತ್ತದೆ. ಅಲ್ಲಿ 7 ಮಾತ್ರೆ, ಸಮ್ ಇರುವ ಜಾಗವೇ ಖಾಲಿ. ರಾಗದ ಹೆಸರಿನ ಪಕ್ಕ ಸಾಮಾನ್ಯವಾಗಿ ತಾಳವನ್ನೂ ಬರೆದಿರುತ್ತಾರೆ, ಮೊದಲು ಅದನ್ನು ನೋಡಿಕೊಳ್ಳಿ.