ಕಾಲಿನ ನರ ತೆಗೆಯದೆ ಕೈ ಸರಿ ಮಾಡಬಹುದಾ?

ಬೈಕಿನಿಂದ ಬಿದ್ದು ತಮ್ಮನ ಭುಜದ ಹತ್ತಿರ ನರ ಹಾಳಾಗಿದೆ, ಮೂರು ತಿಂಗಳಾದರೂ ಮೊಣಕೈ ಮಡಚಲು ಆಗುತ್ತಿಲ್ಲ, ಕಾಲಿನ ನರ ತೆಗೆದು ಜೋಡಿಸಬೇಕು ಅಂತಾರೆ, ಬೇರೆ ದಾರಿ ಇಲ್ವಾ ಅಂತ ಕೇಳಿದ್ದೀರಿ. ಇದೆ. ನಾನು ಸರ್ಜನ್ ಅಲ್ಲ, ಫಿಸಿಯೋಥೆರಪಿಸ್ಟ್. ಆಪರೇಷನ್ ಆದ ಮೇಲೆ ಇಂಥ ಕೈಗಳು ನಮ್ಮ ಹತ್ತಿರ ಬರುತ್ತವೆ.

ನೀವು ಮೊದಲು ಕೇಳಬೇಕಾದದ್ದು ನರ್ವ್ ಟ್ರಾನ್ಸ್‌ಫರ್ ಬಗ್ಗೆ. ಫ್ರಾನ್ಸಿನ ಒಬರ್ಲಿನ್ ಎಂಬ ಸರ್ಜನ್ 1994ರಲ್ಲಿ ಪ್ರಕಟಿಸಿದ ವಿಧಾನ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಅಂಗೈ ಕಡೆ ಹೋಗುವ ಅಲ್ನಾರ್ ನರದಲ್ಲಿ ಹಲವು ಎಳೆಗಳಿರುತ್ತವೆ. ಅದರಲ್ಲಿ ಒಂದೆರಡನ್ನು ಬಿಡಿಸಿ ಮೊಣಕೈ ಮಡಚುವ ಬೈಸೆಪ್ಸ್ ಸ್ನಾಯುವಿಗೆ ಹೋಗುವ ನರಕ್ಕೆ ನೇರವಾಗಿ ಹೊಲಿಯುತ್ತಾರೆ. ಕೈಯ ಹಿಡಿತಕ್ಕೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕುತ್ತಿಗೆ ಹತ್ತಿರ ಕಾಲಿನ ನರ ಕಸಿ ಮಾಡಿದರೆ ತೋಳು ಮುಟ್ಟಲು ತಿಂಗಳುಗಟ್ಟಲೆ ಬೇಕು. ಇಲ್ಲಿ ಹೊಲಿಗೆ ಬೀಳುವುದೇ ಸ್ನಾಯುವಿನ ಪಕ್ಕದಲ್ಲಿ. ಶುರುವಿನಲ್ಲಿ ಮುಷ್ಟಿ ಬಿಗಿ ಹಿಡಿದರೇನೇ ಮೊಣಕೈ ಮಡಚುತ್ತದೆ, ಆ ಎಳೆಯ ಹಳೆ ಕೆಲಸ ಅದೇ ಅಲ್ವಾ! ಆಮೇಲೆ ಅಭ್ಯಾಸದಿಂದ ಬೇರೆಯಾಗುತ್ತದೆ. ಆದರೆ ಇದಕ್ಕೆ ಅಲ್ನಾರ್ ನರ ಚೆನ್ನಾಗಿರಬೇಕು. ಬೆರಳೂ ಆಡದಿದ್ದರೆ ಪಕ್ಕೆಲುಬುಗಳ ನಡುವಿನ ನರ ಬಳಸುತ್ತಾರೆ.

ನೆಟ್‌ನಲ್ಲಿ ಕಾಣುವ ಕೊಲಾಜೆನ್ ಟ್ಯೂಬ್ (ಕಡಿದ ನರದ ಎರಡು ತುದಿ ಸೇರಿಸುವ ಸಣ್ಣ ಕೊಳವೆ) ನಿಮ್ಮ ತಮ್ಮನಿಗೆ ಅಲ್ಲ. ಅದು ಬೆರಳಿನ ಸ್ಪರ್ಶದ ನರ ಕತ್ತರಿಸಿದಾಗ, ನಡುವಿನ ಅಂತರ 3 ಸೆಂಟಿಮೀಟರ್ ಒಳಗಿದ್ದರೆ ಮಾತ್ರ. ಮೃತ ದಾನಿಯ ನರದಿಂದ ಜೀವಕೋಶ ತೆಗೆದು ಶುದ್ಧ ಮಾಡಿದ ಕಸಿಯೂ ಇದೆ, ಬೆಲೆ ಜಾಸ್ತಿ.

ಹಾಗಂತ ಕಾಲಿನ ನರಕ್ಕೆ ಸುಮ್ನೆ ಹೆದರಬೇಡಿ. ಪಾದದ ಹೊರ ಅಂಚು ಜೋಮು ಹಿಡಿದಂತಿರುತ್ತದೆ, ನಡಿಗೆಗೆ ಏನೂ ಆಗುವುದಿಲ್ಲ. ಕೆಲವು ಸಲ ಭುಜಕ್ಕೆ ಕಸಿ, ಮೊಣಕೈಗೆ ಟ್ರಾನ್ಸ್‌ಫರ್ ಅಂತ ಎರಡೂ ಮಾಡುತ್ತಾರೆ.

ನನಗೆ ಭಯ ಇರುವುದು ತಡಕ್ಕೆ. ಒಂದು, ಒಂದೂವರೆ ವರ್ಷ ನರವಿಲ್ಲದೆ ಸೊರಗಿದ ಸ್ನಾಯುವಿಗೆ ಆಮೇಲೆ ನರ ತಲುಪಿದರೂ ಪ್ರಯೋಜನ ಕಡಿಮೆ. ಆಗ ತೊಡೆಯ ಸ್ನಾಯುವನ್ನೇ ತೆಗೆದು ತೋಳಿಗೆ ಹಾಕಬೇಕಾಗುತ್ತದೆ, ಅದು ದೊಡ್ಡ ಆಪರೇಷನ್. ಆರು ತಿಂಗಳೊಳಗೆ ನರದ ಆಪರೇಷನ್ ಆದರೆ ಒಳ್ಳೆಯದು. ಇಎಂಜಿ (ನರ, ಸ್ನಾಯುವಿನ ವಿದ್ಯುತ್ ಪರೀಕ್ಷೆ), ಎಂಆರ್‌ಐ ರಿಪೋರ್ಟ್ ಹಿಡಿದು ಈ ವಾರವೇ ಬ್ರೇಕಿಯಲ್ ಪ್ಲೆಕ್ಸಸ್ (ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಜಾಲ) ನೋಡುವ ಸರ್ಜನ್ ಹತ್ತಿರ ಹೋಗಿ. ಅಲ್ಲಿಯವರೆಗೆ ಮನೆಯವರು ಯಾರಾದರೂ ದಿನಾ ಅವರ ಮೊಣಕೈ, ಬೆರಳುಗಳನ್ನು ಮೆಲ್ಲಗೆ ಪೂರ್ತಿ ಮಡಚಿ ಬಿಡಿಸುತ್ತಿರಿ. ಭುಜಕ್ಕೆ ಯಾವ ವ್ಯಾಯಾಮ ಅಂತ ಅಲ್ಲೇ ಕೇಳಿಕೊಳ್ಳಿ.